ಇ.ಬಿ. ಗಾಯಗಳಿಗೆ ಲೇಸರ್ ಬೆಳಕಿನ ಚಿಕಿತ್ಸೆ: ಮನೆಯವರು ಮತ್ತು ದಾದಿಯರು ವಹಿಸಬೇಕಾದ ಎಚ್ಚರ

ಎಪಿಡರ್ಮೊಲೈಸಿಸ್ ಬುಲ್ಲೋಸಾ, ಅಂದರೆ ಇ.ಬಿ., ವಂಶವಾಹಿಯ ದೋಷದಿಂದ ಬರುವ ಅಪರೂಪದ ಚರ್ಮರೋಗ. ಚರ್ಮದ ಪದರಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನ್ ಸರಿಯಿಲ್ಲದ ಕಾರಣ, ಅಂಗಿಯ ಹೊಲಿಗೆ ಉಜ್ಜಿದರೂ ಗುಳ್ಳೆ ಎದ್ದು, ಒಡೆದು ಗಾಯವಾಗುತ್ತದೆ. ತಿಂಗಳುಗಟ್ಟಲೆ ಮಾಯದ ಇಂಥ ಗಾಯಗಳಿಗೆ ಕೆಲವು ವೈದ್ಯರು ಕಡಿಮೆ ಶಕ್ತಿಯ ಲೇಸರ್ ಬಳಸಿ ನೋಡಿದ್ದಾರೆ. ಕೆಂಪು ಅಥವಾ ಇನ್‌ಫ್ರಾರೆಡ್ ಬೆಳಕನ್ನು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಹೀರಿಕೊಂಡಾಗ ಕೋಶದ ಚಟುವಟಿಕೆ ಚುರುಕಾಗುತ್ತದೆ ಎಂಬುದು ಇದರ ತತ್ವ. ಇ.ಬಿ.ಯಲ್ಲಿ ಇದಕ್ಕಿರುವ ಪುರಾವೆ ಇನ್ನೂ ತೆಳು. ಮೂಲ ದೋಷವನ್ನು ಇದು ಸರಿಪಡಿಸುವುದಿಲ್ಲ. ಆದ್ದರಿಂದ ದಿನನಿತ್ಯದ ಡ್ರೆಸ್ಸಿಂಗ್, ಪೌಷ್ಟಿಕ ಆಹಾರ ಮತ್ತು ರಕ್ತಹೀನತೆಯ ಚಿಕಿತ್ಸೆಯ ಜೊತೆಗೆ ಮಾತ್ರ ಇದನ್ನು ಯೋಚಿಸಬೇಕು.

ಎಲ್ಲಕ್ಕಿಂತ ಮೊದಲು, ಇ.ಬಿ. ತಿಳಿದ ಚರ್ಮರೋಗ ತಜ್ಞರು ಗಾಯವನ್ನು ಕಣ್ಣಾರೆ ಪರೀಕ್ಷಿಸಿರಬೇಕು. ಏಳನೆಯ ಬಗೆಯ ಕೊಲಾಜೆನ್ ಎಂಬ ಪ್ರೋಟೀನ್‌ನ ದೋಷದಿಂದ ಬರುವ ತೀವ್ರ ಡಿಸ್ಟ್ರೋಫಿಕ್ ಇ.ಬಿ.ಯಲ್ಲಿ, ಹಳೆಯ ಗಾಯಗಳಲ್ಲೇ ಚರ್ಮದ ಕ್ಯಾನ್ಸರ್ ಹುಟ್ಟುವ ಅಪಾಯ ಬಹಳ ಹೆಚ್ಚು, ಅದೂ ಚಿಕ್ಕ ವಯಸ್ಸಿನಲ್ಲೇ. ಅಂಚು ದಪ್ಪಗಾದ, ಮಾಂಸ ಉಬ್ಬಿದ, ಇದ್ದಕ್ಕಿದ್ದಂತೆ ನೋವು ಹೆಚ್ಚಿದ ಗಾಯಕ್ಕೆ ಬಯಾಪ್ಸಿ (ತುಣುಕು ತೆಗೆದು ನೋಡುವ ಪರೀಕ್ಷೆ) ಆಗಿ ಕ್ಯಾನ್ಸರ್ ಇಲ್ಲವೆಂದು ಖಚಿತವಾಗುವವರೆಗೆ ಕೋಶಗಳನ್ನು ಪ್ರಚೋದಿಸುವ ಬೆಳಕನ್ನು ಹಾಯಿಸಲೇಬಾರದು. ನನ್ನ ದೃಷ್ಟಿಯಲ್ಲಿ ಈ ಒಂದು ಎಚ್ಚರ ಉಳಿದೆಲ್ಲಕ್ಕಿಂತ ಮುಖ್ಯ; ಆನ್‌ಲೈನ್‌ನಲ್ಲಿ ಸಿಗುವ ಉಪಕರಣ ತಂದು ಮನೆಯಲ್ಲೇ ಪ್ರಯೋಗಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಕೀವು, ದುರ್ವಾಸನೆ, ಜ್ವರ ಇದ್ದರೆ ಮೊದಲು ಸೋಂಕಿಗೆ ಚಿಕಿತ್ಸೆ ಆಗಲಿ. ಚರ್ಮ ಬಿಸಿಲನ್ನು ತಾಳದ ಕಿಂಡ್ಲರ್ ಬಗೆಯ ಇ.ಬಿ. ಇದ್ದರೆ, ಅಥವಾ ಡಾಕ್ಸಿಸೈಕ್ಲಿನ್‌ನಂಥ, ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧ ನಡೆಯುತ್ತಿದ್ದರೆ ಮುಂಚೆಯೇ ತಿಳಿಸಿ.

ಚಿಕಿತ್ಸೆಯ ದಿನ ಮಗುವಿಗೆ ಹೆಚ್ಚು ನೋವಾಗುವುದು ಡ್ರೆಸ್ಸಿಂಗ್ ತೆಗೆಯುವಾಗ. ವೈದ್ಯರು ಹೇಳಿದ ನೋವಿನ ಔಷಧವನ್ನು ಸಾಕಷ್ಟು ಮುಂಚೆ ಕೊಡಿ. ಅಂಟಿಕೊಂಡ ಬಟ್ಟೆಯನ್ನು ಎಳೆಯದೆ, ಉಗುರುಬೆಚ್ಚಗಿನ ಸಲೈನ್‌ನಲ್ಲಿ ನೆನೆಸಿ, ಅದಾಗಿ ಬಿಡುವವರೆಗೆ ಕಾಯಿರಿ. ಹೊಸ ಗುಳ್ಳೆಯಿದ್ದರೆ ಶುದ್ಧೀಕರಿಸಿದ ಸೂಜಿಯಿಂದ ಅದರ ಕೆಳತುದಿಯಲ್ಲಿ ಚುಚ್ಚಿ ನೀರು ಹರಿಸಿ, ಮೇಲಿನ ಚರ್ಮವನ್ನು ಹಾಗೆಯೇ ಉಳಿಸಬೇಕು. ಬಣ್ಣದ ಔಷಧ ಮತ್ತು ಮುಲಾಮು ಬೆಳಕನ್ನು ತಡೆಯುವುದರಿಂದ ಅವುಗಳನ್ನು ಉಜ್ಜದೆ, ಸಲೈನ್ ಹರಿಸಿ ತೊಳೆಯಿರಿ. ಮಗುವನ್ನು ಕಂಕುಳಲ್ಲಿ ಕೈಹಾಕಿ ಎತ್ತದೆ, ಕುತ್ತಿಗೆ ಮತ್ತು ಕುಂಡೆಯ ಕೆಳಗೆ ಅಂಗೈ ಕೊಟ್ಟು, ಮೆತ್ತನೆಯ ಹಾಸಿನ ಸಮೇತ ಎತ್ತಿ ಮಲಗಿಸಿ.

ಸಾಮಾನ್ಯ ಗಾಯಗಳಲ್ಲಿ ಲೇಸರ್ ಮೊನೆಯನ್ನು ಸುತ್ತಲಿನ ಚರ್ಮಕ್ಕೆ ಒತ್ತಿ ಹಿಡಿಯುವ ರೂಢಿಯಿದೆ, ಇ.ಬಿ.ಯಲ್ಲಿ ಒತ್ತುವುದೂ ಎಳೆಯುವುದೂ ನಿಷಿದ್ಧ. ಮೊನೆ ಚರ್ಮಕ್ಕೆ ತಾಗದಷ್ಟು ಅಂತರವಿರಲಿ. ಮಗು, ಜೊತೆಗಿರುವವರು, ಚಿಕಿತ್ಸಕರು ಎಲ್ಲರೂ ಆ ಲೇಸರ್‌ನ ತರಂಗಾಂತರಕ್ಕೆ ತಕ್ಕ ರಕ್ಷಣಾ ಕನ್ನಡಕ ಧರಿಸಬೇಕು. ಮಗುವಿನ ಕನ್ನಡಕದ ಪಟ್ಟಿ ಕಿವಿ, ಮೂಗು ಉಜ್ಜದಂತೆ ಕೆಳಗೆ ಸಿಲಿಕೋನ್ ಪದರ ಇಡಿ. ಪ್ರಮಾಣದ ಲೆಕ್ಕ ಸರಳ: ವಾಟ್‌ನಲ್ಲಿರುವ ಶಕ್ತಿಯನ್ನು ಸೆಕೆಂಡುಗಳಿಂದ ಗುಣಿಸಿ, ಬೆಳಕು ಬೀಳುವ ಚದರ ಸೆಂಟಿಮೀಟರ್‌ಗಳಿಂದ ಭಾಗಿಸಬೇಕು. 100 ಮಿಲಿವಾಟ್ (ಅಂದರೆ 0.1 ವಾಟ್) ಬೆಳಕು 1 ಚದರ ಸೆಂಟಿಮೀಟರ್ ಮೇಲೆ 20 ಸೆಕೆಂಡು ಬಿದ್ದರೆ ಪ್ರಮಾಣ ಚದರ ಸೆಂಟಿಮೀಟರ್‌ಗೆ 2 ಜೂಲ್ ಆಗುತ್ತದೆ. ಹೆಚ್ಚು ಬೆಳಕು ಕೊಟ್ಟರೆ ಬೇಗ ಮಾಯುತ್ತದೆ ಎಂಬುದು ತಪ್ಪು. ಮಿತಿ ಮೀರಿದ ಬೆಳಕು ಮಾಯುವಿಕೆಯನ್ನೇ ತಡೆಯಬಲ್ಲದು. ನಮ್ಮಂಥ ಕಂದು ಚರ್ಮ ಬೆಳಕನ್ನು ಹೆಚ್ಚು ಹೀರಿ ಬೇಗ ಬಿಸಿಯಾಗುವುದರಿಂದ ಕಡಿಮೆ ಪ್ರಮಾಣದಿಂದಲೇ ಆರಂಭಿಸುವಂತೆ ಕೇಳಿ.

ಆರಂಭದಲ್ಲಿ ಒಂದೇ ಗಾಯಕ್ಕೆ ಚಿಕಿತ್ಸೆ ಮಾಡಿಸಿ, ಅದನ್ನೇ ಹೋಲುವ ಇನ್ನೊಂದನ್ನು ಡ್ರೆಸ್ಸಿಂಗ್‌ಗಷ್ಟೇ ಬಿಡಿ. ಮುಗಿದ ಕೂಡಲೇ ಸಿಲಿಕೋನ್ ಜಾಲರಿ ಹಾಸಿ, ಅಂಟುಪಟ್ಟಿಯ ಬದಲು ಸುತ್ತುವ ಬಟ್ಟೆಯಿಂದ ನಿಲ್ಲಿಸಿ. ವಾರಕ್ಕೊಮ್ಮೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಒಂದೇ ಬೆಳಕಿನಲ್ಲಿ ಎರಡೂ ಗಾಯಗಳ ಫೋಟೊ ತೆಗೆಯಿರಿ. ಹೊಸ ಗುಳ್ಳೆ, ಉರಿ ಅಥವಾ ಗಾಯದ ಹಿಗ್ಗುವಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ ತಜ್ಞರಿಗೆ ತೋರಿಸಿ. ಕೆಲವು ವಾರಗಳಾದರೂ ಫೋಟೊಗಳಲ್ಲಿ ವ್ಯತ್ಯಾಸ ಕಾಣದಿದ್ದರೆ, ಆ ಹಣವನ್ನು ಒಳ್ಳೆಯ ಡ್ರೆಸ್ಸಿಂಗ್ ಸಾಮಗ್ರಿಗೆ ಖರ್ಚು ಮಾಡುವುದು ಮೇಲು.