ಜೇಬಿನ ಕ್ಯಾಮೆರಾ ಬೇಕೋ, ಹಳೆಯ ಡಿಎಸ್‌ಎಲ್‌ಆರ್ ಸಾಕೋ? ಲೆನ್ಸ್ ನೋಡಿ ತೀರ್ಮಾನಿಸಿ

ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ನಿಮ್ಮ ಬಜೆಟ್ಟಿಗೆ ಎರಡು ಕ್ಯಾಮೆರಾ ಹೊಂದುತ್ತವೆ ಎಂದುಕೊಳ್ಳಿ. ಒಂದು, ಪ್ಯಾಂಟಿನ ಜೇಬಿಗೆ ಇಳಿಯುವ ಕಾಂಪ್ಯಾಕ್ಟ್: ಸೋನಿ ಆರ್‌ಎಕ್ಸ್100 ಮಾರ್ಕ್ 3 (2014) ಅಥವಾ ಕ್ಯಾನನ್ ಜಿ7ಎಕ್ಸ್ ಮಾರ್ಕ್ 2 (2016). ಎರಡೂ 300 ಗ್ರಾಂ ಆಸುಪಾಸು. ಇನ್ನೊಂದು, ಅದರ ಎರಡೂವರೆಯಿಂದ ಮೂರೂವರೆ ಪಟ್ಟು ತೂಗುವ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್: ನಿಕಾನ್ ಡಿ7000 (2010) ಅಥವಾ ಕ್ಯಾನನ್ 700ಡಿ (2013), ಜೊತೆಗೆ 18-55 ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಸಾಧಾರಣ ಜೂಮ್ ಲೆನ್ಸ್). ದೊಡ್ಡ ಕ್ಯಾಮೆರಾದಲ್ಲಿ ಚಿತ್ರವೂ ಚೆನ್ನಾಗಿ ಬರುತ್ತದೆ ಎಂದು ಹೆಚ್ಚಿನವರು ಎರಡನೆಯದಕ್ಕೆ ಕೈಹಾಕುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಅದು ಬೀರುವಿನ ಮೇಲೆ ಕೂತಿರುತ್ತದೆ.

ನಮ್ಮ ಸಲಹೆ ಇಷ್ಟು: ಡಿಎಸ್‌ಎಲ್‌ಆರ್ ಕೊಳ್ಳುವುದಾದರೆ ಎರಡನೆಯ ಲೆನ್ಸಿನ ಹಣವನ್ನೂ ಮೊದಲೇ ಎತ್ತಿಡಿ. ಕಿಟ್ ಲೆನ್ಸ್ ಒಂದರಲ್ಲೇ ಕಾಲ ಹಾಕುವವರಿಗೆ ಒಳ್ಳೆಯ ಕಾಂಪ್ಯಾಕ್ಟೇ ಲೇಸು. ಯಾಕೆ ಎಂಬುದಕ್ಕೆ ಸಣ್ಣದೊಂದು ಲೆಕ್ಕ ಮಾಡಬೇಕು.

ಮೊದಲು ಲೆಕ್ಕ

ಈ ಕಾಂಪ್ಯಾಕ್ಟ್‌ಗಳಲ್ಲಿರುವ, ಒಂದಿಂಚಿನ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಎಂದು ಕರೆಯುವುದರ ನಿಜವಾದ ಅಳತೆ 13.2 × 8.8 ಮಿ.ಮೀ. ಹೆಸರಿನಲ್ಲಿ ಮಾತ್ರ ಇಂಚು ಇದೆ. ನಿಕಾನ್‌ನ ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರ್ ಸುಮಾರು 23.5 × 15.6 ಮಿ.ಮೀ., ಕ್ಯಾನನ್‌ನದು ಸುಮಾರು 22.3 × 14.9. ವಿಸ್ತೀರ್ಣ ಲೆಕ್ಕಹಾಕಿದರೆ ಡಿಎಸ್‌ಎಲ್‌ಆರ್ ಸೆನ್ಸರ್ ಮೂರು ಪಟ್ಟು ದೊಡ್ಡದು. ಲೆನ್ಸಿನ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಒಂದೇ ಇದ್ದರೆ ಮೂರು ಪಟ್ಟು ಬೆಳಕು ಹಿಡಿಯುತ್ತದೆ.

ಆದರೆ ಅಪರ್ಚರ್ ಒಂದೇ ಇರುವುದಿಲ್ಲ. ಆರ್‌ಎಕ್ಸ್100 ಮಾರ್ಕ್ 3ರ ಲೆನ್ಸ್ ಎಫ್ 1.8ರಿಂದ 2.8 (ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು). ಕಿಟ್ ಲೆನ್ಸ್ ಎಫ್ 3.5ರಿಂದ 5.6. ಎರಡನ್ನೂ ಹಳೆಯ 35 ಮಿ.ಮೀ. ಫಿಲಂ ಅಳತೆಗೆ ತಂದು ಹೋಲಿಸಬೇಕು. ಕಾಂಪ್ಯಾಕ್ಟ್‌ನದನ್ನು 2.7ರಿಂದ ಗುಣಿಸಿ (ಫಿಲಂ ಅದರ ಸೆನ್ಸರ್‌ಗಿಂತ ಅಷ್ಟು ಪಟ್ಟು ಅಗಲ): 4.9ರಿಂದ 7.6. ನಿಕಾನ್ ಕಿಟ್ ಲೆನ್ಸನ್ನು 1.5ರಿಂದ ಗುಣಿಸಿ: 5.3ರಿಂದ 8.4. ಅಂದರೆ ದೊಡ್ಡ ಸೆನ್ಸರ್ ಗಳಿಸಿದ್ದನ್ನೆಲ್ಲ ಕಿಟ್ ಲೆನ್ಸ್ ಕಳೆದುಹಾಕಿತು. ಕತ್ತಲೆಯಲ್ಲಿ ಬರುವ ಕಾಳುಕಾಳಾದ ನಾಯ್ಸ್ ಆಗಲಿ, ಹಿನ್ನೆಲೆ ಮಸುಕಾಗುವುದಾಗಲಿ, ಎರಡೂ ಕ್ಯಾಮೆರಾದಲ್ಲಿ ಹೆಚ್ಚುಕಡಿಮೆ ಒಂದೇ.

ಈಗ ಅದೇ ಡಿಎಸ್‌ಎಲ್‌ಆರ್‌ಗೆ 50 ಎಂಎಂ ಎಫ್ 1.8 ಹಾಕಿ. 1.8 × 1.5 = 2.7. ಯಾವ ಒಂದಿಂಚಿನ ಕಾಂಪ್ಯಾಕ್ಟೂ ಅಲ್ಲಿಗೆ ಮುಟ್ಟುವುದಿಲ್ಲ.

ಇನ್ನೂ ಚಿಕ್ಕ ಸೆನ್ಸರ್‌ನ, 30 ಪಟ್ಟು 40 ಪಟ್ಟು ಜೂಮ್ ಎಂದು ಬರೆದಿರುವ ಕಾಂಪ್ಯಾಕ್ಟ್‌ಗಳನ್ನು ಈ ಪಟ್ಟಿಯಿಂದ ಬಿಟ್ಟುಬಿಡಿ. ಅವುಗಳ ಸೆನ್ಸರ್ ಬರೀ 6.2 × 4.6 ಮಿ.ಮೀ. ಈಗಿನ ಹಲವು ಫೋನ್‌ಗಳ ಮುಖ್ಯ ಸೆನ್ಸರ್ ಅದಕ್ಕಿಂತ ದೊಡ್ಡದು.

ಎಲ್ಲಿ, ಏನು ತೆಗೆಯುತ್ತೀರಿ?

ಯಕ್ಷಗಾನದ ರಂಗಸ್ಥಳವನ್ನೇ ತೆಗೆದುಕೊಳ್ಳಿ. ಧೀಂಗಿಣ (ಸುತ್ತುತ್ತಾ ಜಿಗಿಯುವ ಕುಣಿತ) ಹಾಕುವ ವೇಷಧಾರಿ ಮಸುಕಾಗದೆ ನಿಲ್ಲಬೇಕಾದರೆ ಶಟರ್ 1/250 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಹೊತ್ತು ತೆರೆದಿರಬೇಕು. ಚೆನ್ನಾಗಿ ದೀಪ ಹಾಕಿದ ರಂಗದಲ್ಲೂ ಎಫ್ 5.6ರ ಕಿಟ್ ಲೆನ್ಸ್ ಆ ವೇಗಕ್ಕೆ ಸುಮಾರು 6400 ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ, ಏರಿದಷ್ಟೂ ನಾಯ್ಸ್ ಹೆಚ್ಚು) ಕೇಳುತ್ತದೆ. ಎಫ್ 1.8ರ ಲೆನ್ಸ್‌ಗೆ 640 ಸಾಕು. ಹತ್ತರಲ್ಲಿ ಒಂದು ಪಾಲು! ಕಿರೀಟದ ಮಣಿಗಳು, ಮುಖವರ್ಣಿಕೆಯ ಗೆರೆಗಳು ಉಳಿಯುವುದು, ಕರಗಿಹೋಗುವುದು ಈ ವ್ಯತ್ಯಾಸದಲ್ಲೇ. ಫ್ಲ್ಯಾಶ್ ಹಾಕುವ ಯೋಚನೆಯೇ ಬೇಡ, ಕಲಾವಿದರ ಕಣ್ಣು ಕೋರೈಸುತ್ತದೆ. ಮದುವೆ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಮನೆಯೊಳಗೆ ಓಡಾಡುವ ಮಗು ಎಲ್ಲಕ್ಕೂ ಇದೇ ಮಾತು: ಕತ್ತಲು ಮತ್ತು ಚಲನೆ ಒಟ್ಟಿಗೆ ಬಂದಲ್ಲಿ ಡಿಎಸ್‌ಎಲ್‌ಆರ್ ಮತ್ತು ಎಫ್ 1.8 ಲೆನ್ಸ್.

ಕತ್ತಲಿದ್ದು ಚಲನೆ ಇಲ್ಲದಿದ್ದರೆ ಲೆಕ್ಕ ತಿರುಗುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಒಳಗಿನ ಕಂಬಗಳು, ಹಂಪಿಯ ವಿರೂಪಾಕ್ಷ ದೇಗುಲದ ರಂಗಮಂಟಪದ ಚಾವಣಿಯ ಚಿತ್ರಗಳು ಅಲುಗುವುದಿಲ್ಲ. ಅಲುಗುವುದು ನಿಮ್ಮ ಕೈ ಮಾತ್ರ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. 50 ಎಂಎಂ ಎಫ್ 1.8 ಲೆನ್ಸ್‌ನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ, ಹಾಗಾಗಿ 1/80 ಸೆಕೆಂಡ್‌ಗಿಂತ ಕೆಳಗಿಳಿದರೆ ಕಷ್ಟ. ಇಕ್ಕಟ್ಟಾದ ಜಾಗದಲ್ಲಿ ಅದು ಇಡೀ ಚಾವಣಿಯನ್ನು ಹಿಡಿಯುವುದೂ ಇಲ್ಲ. ಕಾಂಪ್ಯಾಕ್ಟ್ 24 ಎಂಎಂನಷ್ಟು ಅಗಲ ಹಿಡಿಯುತ್ತದೆ (ಈ ಸಂಖ್ಯೆ ಚಿಕ್ಕದಾದಷ್ಟು ನೋಟ ಅಗಲ), ಎಫ್ 1.8ರಷ್ಟು ತೆರೆದುಕೊಳ್ಳುತ್ತದೆ. ಅದರ ಸ್ಟೆಬಿಲೈಸೇಷನ್ ನಂಬಿ, ಮೊಣಕೈ ಪಕ್ಕೆಗೆ ಒತ್ತಿ ಹಿಡಿದು 1/8 ಸೆಕೆಂಡ್‌ವರೆಗೂ ಇಳಿಯಬಹುದು. ಒಂದರ ಬದಲು ನಾಲ್ಕು ಸಲ ಒತ್ತಿ, ಒಂದಾದರೂ ಚೂಪಾಗಿ ಬರುತ್ತದೆ.

ಹಂಪಿಯ ಬಂಡೆಗಳ ಮೇಲೆ ನಡುಮಧ್ಯಾಹ್ನ ನಿಂತರೆ ಹಿಂಬದಿಯ ಪರದೆ ಕಾಣುವುದಿಲ್ಲ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ಗೆ ಕಣ್ಣಿಟ್ಟರೆ ಆ ತೊಂದರೆ ಇಲ್ಲ. ಆರ್‌ಎಕ್ಸ್100 ಮಾರ್ಕ್ 3ರಲ್ಲಿ ಮೇಲಕ್ಕೆ ಚಿಮ್ಮುವ ಪುಟ್ಟ ವ್ಯೂಫೈಂಡರ್ ಇದೆ, ಜಿ7ಎಕ್ಸ್ ಮಾರ್ಕ್ 2ರಲ್ಲಿ ಇಲ್ಲ. ಜೋಗದಂಥ ಕಡೆ ನೀರು ಹಾಲಿನ ನೊರೆಯಂತೆ ಕಾಣಬೇಕು ಅನ್ನುವವರಿಗೆ ಈ ಎರಡು ಕಾಂಪ್ಯಾಕ್ಟ್‌ಗಳಲ್ಲೂ ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುವ ಎನ್‌ಡಿ ಫಿಲ್ಟರ್ ಒಳಗೇ ಇದೆ. ಆರ್‌ಎಕ್ಸ್100 ಮಾರ್ಕ್ 6, 7ರಲ್ಲಿ ಅದನ್ನು ಕೈಬಿಟ್ಟಿದ್ದಾರೆ.

ಹಕ್ಕಿಗಳ ವಿಷಯದಲ್ಲಿ ಚರ್ಚೆಯೇ ಬೇಡ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಹಾರುವ ಬಣ್ಣದ ಕೊಕ್ಕರೆ ಹಿಡಿಯಲು 1/1000 ಸೆಕೆಂಡ್, ಉದ್ದದ ಲೆನ್ಸ್ ಎರಡೂ ಬೇಕು. ಕ್ಯಾನನ್ 55-250 ಈ ಸೆನ್ಸರ್ ಮೇಲೆ 400 ಎಂಎಂ ನೋಟ ಕೊಡುತ್ತದೆ. ಆರ್‌ಎಕ್ಸ್100 ಮಾರ್ಕ್ 3 ನಿಲ್ಲುವುದು 70ಕ್ಕೆ.

ಬಾಡಿ ಮತ್ತು ಲೆನ್ಸ್ ಜೋಡಿ ತಪ್ಪುವುದು ಎಲ್ಲಿ?

ನಿಕಾನ್ ಕೊಳ್ಳುವವರು ಇಲ್ಲಿ ಎಚ್ಚರವಾಗಿರಬೇಕು. ಡಿ3100, ಡಿ3200, ಡಿ5200 ತರಹದ ಚಿಕ್ಕ ಬಾಡಿಗಳ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಒಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಗುವ ಎಎಫ್ 50 ಎಂಎಂ 1.8ಡಿ ಅವುಗಳ ಮೇಲೆ ಕೂರುತ್ತದೆ, ಆದರೆ ಕೈಯಲ್ಲೇ ಫೋಕಸ್ ಮಾಡಬೇಕು. ಲೆನ್ಸ್ ಮೇಲೆ ಎಎಫ್-ಎಸ್ ಎಂದಿದ್ದರೆ ಮೋಟರ್ ಲೆನ್ಸಿನೊಳಗೇ ಇರುತ್ತದೆ, ತೊಂದರೆ ಇಲ್ಲ. ಡಿ90, ಡಿ7000ದಲ್ಲಿ ಮೋಟರ್ ಇರುವುದರಿಂದ ಎರಡೂ ನಡೆಯುತ್ತವೆ. ಇದಕ್ಕೆ ತದ್ವಿರುದ್ಧವಾದ ತೊಡಕು ಹೊಸ ಎಎಫ್-ಪಿ ಲೆನ್ಸ್‌ಗಳದ್ದು: ಡಿ90, ಡಿ7000, ಡಿ3100, ಡಿ3200ರ ಮೇಲೆ ಅವು ಫೋಕಸ್ಸೇ ಆಗುವುದಿಲ್ಲ, ರಿಂಗ್ ತಿರುಗಿಸಿದರೂ ಇಲ್ಲ.

ಕ್ಯಾನನ್‌ನಲ್ಲಿ ಈ ರಗಳೆ ಕಡಿಮೆ. ಇಎಫ್, ಇಎಫ್-ಎಸ್ ಎರಡೂ 550ಡಿಯಿಂದ 1500ಡಿವರೆಗಿನ ಎಲ್ಲದರ ಮೇಲೂ ಫೋಕಸ್ ಆಗುತ್ತವೆ. ಆರ್‌ಎಫ್, ಇಎಫ್-ಎಂ ಲೆನ್ಸ್‌ಗಳು ಮಾತ್ರ ಕೂರುವುದಿಲ್ಲ. ಆದರೆ ಆ ಕಾಲದ ಕ್ಯಾನನ್‌ನ 18 ಮೆಗಾಪಿಕ್ಸೆಲ್ ಸೆನ್ಸರ್‌ಗೆ ಒಂದು ಕೊರತೆ ಇದೆ: ಕಪ್ಪಾದ ನೆರಳನ್ನು ಕಂಪ್ಯೂಟರ್‌ನಲ್ಲಿ ಬೆಳಗಿಸಿದರೆ ಗೆರೆಗೆರೆಯಾಗಿ ನಾಯ್ಸ್ ಏಳುತ್ತದೆ. ಡಿ7000ದ ಫೈಲ್ ಈ ವಿಷಯದಲ್ಲಿ ಬಹಳ ತಡೆದುಕೊಳ್ಳುತ್ತದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ತಿದ್ದುವ ಹವ್ಯಾಸ ಇರುವವರು ನಿಕಾನ್ ಕಡೆ ನೋಡುವುದು ಒಳ್ಳೆಯದು.

ಅಂಗಡಿಯಲ್ಲಿ ಅರ್ಧ ಗಂಟೆ

ಹೋಗುವಾಗ 32 ಜಿಬಿ ಎಸ್‌ಡಿ ಕಾರ್ಡ್ (64 ಜಿಬಿಯನ್ನು ಡಿ90 ಗುರುತಿಸುವುದಿಲ್ಲ), ಸಣ್ಣ ಟಾರ್ಚ್, ಬಿಳಿ ಹಾಳೆ, ಒಂದು ದಿನಪತ್ರಿಕೆ, ಸಾಧ್ಯವಾದರೆ ಲ್ಯಾಪ್‌ಟಾಪ್ ಒಯ್ಯಿರಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚಿತ್ರವೂ ಚೆನ್ನಾಗೇ ಕಾಣುತ್ತದೆ.

ಡಿಎಸ್‌ಎಲ್‌ಆರ್ ಆದರೆ ಮೊದಲು ಎಷ್ಟು ಸಲ ಶಟರ್ ಬಡಿದಿದೆ ನೋಡಿ. ಫೈಲ್ ಹೆಸರಿನ ಸಂಖ್ಯೆ ತೋರಿಸಿದರೆ ನಂಬಬೇಡಿ, ಅದು 9999 ಮುಟ್ಟಿ ಮತ್ತೆ ಒಂದರಿಂದ ಶುರುವಾಗುತ್ತದೆ. ನಿಕಾನ್‌ನಲ್ಲಿ ನಿಜವಾದ ಸಂಖ್ಯೆ ಪ್ರತಿ ಚಿತ್ರದ ಫೈಲ್‌ನಲ್ಲಿ ದಾಖಲಾಗುವ ಎಕ್ಸಿಫ್ ಮಾಹಿತಿಯೊಳಗೇ ಇರುತ್ತದೆ. ಕ್ಯಾನನ್‌ನ ಈ ಬಾಡಿಗಳಲ್ಲಿ ಇರುವುದಿಲ್ಲ, ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ ಬೇರೆ ಸಾಫ್ಟ್‌ವೇರ್‌ನಲ್ಲಿ ಓದಬೇಕು. ಡಿ7000ದ ಶಟರ್ ಅನ್ನು ಕಂಪನಿ 1,50,000 ಸಲಕ್ಕೆ ಪರೀಕ್ಷಿಸಿದೆ. ಅದರಲ್ಲಿ ಮುಕ್ಕಾಲು ಮುಗಿದಿದ್ದರೆ ಬೆಲೆ ಇಳಿಸಲು ಕೇಳಿ.

ಆಮೇಲೆ ಬಿಳಿ ಗೋಡೆಯ ಮುಂದೆ ನಿಂತು 1/4000 ಸೆಕೆಂಡ್‌ನಲ್ಲಿ ಐದಾರು ಚಿತ್ರ. ಒಂದು ಅಂಚು ಕಪ್ಪಾಗಿ ಬಂದರೆ ಶಟರ್ ಪರದೆ ಸೋತಿದೆ, ಎದ್ದು ಬನ್ನಿ. ಅಪರ್ಚರ್ ಎಫ್ 16ಕ್ಕಿಟ್ಟು, ಮ್ಯಾನುವಲ್‌ನಲ್ಲಿ ಹತ್ತು ಚಿತ್ರ ಒಂದೇ ಸಮನೆ ತೆಗೆಯಿರಿ. ಕೆಲವು ಬೆಳಕಾಗಿ ಕೆಲವು ಕಪ್ಪಾಗಿ ಬಂದರೆ ಲೆನ್ಸಿನ ಬ್ಲೇಡ್‌ಗಳಿಗೆ ಎಣ್ಣೆ ಹತ್ತಿ ಅಂಟುತ್ತಿವೆ. ಎಫ್ 22ರಲ್ಲಿ ಬಿಳಿ ಹಾಳೆಯನ್ನು ಬೇಕೆಂದೇ ಫೋಕಸ್ ತಪ್ಪಿಸಿ ತೆಗೆಯಿರಿ. ಚುಕ್ಕೆಗಳು ಕಂಡರೆ ಸೆನ್ಸರ್ ಮೇಲಿನ ಧೂಳು. ಗಾಳಿ ಪಂಪಿನಿಂದ ಊದಿದರೆ ಹೋಗುವುದೇ ಹೆಚ್ಚು, ಗಾಬರಿ ಬೇಡ. ಆದರೆ ಊದಿದ ಮೇಲೂ ಉಳಿದ ಉದ್ದ ಗೀರು ಒಳ್ಳೆಯ ಲಕ್ಷಣವಲ್ಲ.

ಫೋಕಸ್ ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಓರೆಯಾಗಿ ಕೂತು, 50 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದು, ನಡುವಿನ ಒಂದು ತಲೆಬರಹಕ್ಕೆ ವ್ಯೂಫೈಂಡರ್‌ನಲ್ಲಿ ಫೋಕಸ್ ಮಾಡಿ. ಅದನ್ನೇ ಲೈವ್ ವ್ಯೂನಲ್ಲೂ (ಹಿಂಬದಿಯ ಪರದೆ ನೋಡಿಕೊಂಡು) ಮಾಡಿ. ಎರಡನೆಯದು ಚೂಪಾಗಿ, ಮೊದಲನೆಯದರಲ್ಲಿ ಹಿಂದಿನ ಅಥವಾ ಮುಂದಿನ ಸಾಲು ಚೂಪಾಗಿ ಬಂದರೆ ಬಾಡಿ ಮತ್ತು ಲೆನ್ಸಿನ ಅಳತೆ ತಪ್ಪಿದೆ. ಡಿ7000, ಕ್ಯಾನನ್ 70ಡಿಯಲ್ಲಿ ಮೆನುವಿನಿಂದಲೇ ಸರಿಪಡಿಸಬಹುದು. ಡಿ3000, ಡಿ5000 ಸಾಲಿನಲ್ಲಿ, 700ಡಿಯಲ್ಲಿ ಆ ಸೌಲಭ್ಯ ಇಲ್ಲ.

ಕೊನೆಗೆ ಲೆನ್ಸ್ ಬಿಚ್ಚಿ, ಒಂದು ಕಡೆಯಿಂದ ಓರೆಯಾಗಿ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ನಾಲ್ಕು ಕಣ ಧೂಳು ಚಿತ್ರದಲ್ಲಿ ಕಾಣುವುದಿಲ್ಲ. ಅಂಚಿನಿಂದ ಒಳಕ್ಕೆ ಜೇಡರ ಬಲೆಯಂತೆ ಎಳೆಎಳೆಯಾಗಿ ಹಬ್ಬಿದ್ದರೆ ಅದು ಫಂಗಸ್. ಒರೆಸಿ ತೆಗೆದರೂ ಗಾಜಿನ ಲೇಪನ ತಿಂದ ಗುರುತು ಉಳಿಯಬಹುದು. ಎಷ್ಟೇ ಅಗ್ಗವಾದರೂ ಬೇಡ.

ಕಾಂಪ್ಯಾಕ್ಟ್ ಪರೀಕ್ಷೆ ಚಿಕ್ಕದು, ಆದರೆ ಇನ್ನೂ ಬಿಗಿಯಾಗಿರಬೇಕು, ಏಕೆಂದರೆ ಇಲ್ಲಿ ಲೆನ್ಸ್ ಕೆಟ್ಟರೆ ಕ್ಯಾಮೆರಾವೇ ಕೆಟ್ಟಂತೆ. ಹತ್ತು ಸಲ ಆನ್ ಆಫ್ ಮಾಡಿ. ಲೆನ್ಸ್ ತಡವರಿಸದೆ ನೇರವಾಗಿ ಹೊರಬರಬೇಕು, ಕರಕರ ಸದ್ದು ಮಾಡಬಾರದು. ಪತ್ರಿಕೆಯ ಹಾಳೆಯನ್ನು ಗೋಡೆಗೆ ಅಂಟಿಸಿ, ಎದುರಿಗೆ ನೇರವಾಗಿ ನಿಂತು, ಜೂಮಿನ ಎರಡು ತುದಿಯಲ್ಲೂ ಪೂರ್ತಿ ತೆರೆದ ಅಪರ್ಚರ್‌ನಲ್ಲಿ ತೆಗೆದು ನಾಲ್ಕು ಮೂಲೆಯ ಅಕ್ಷರ ಓದಿ. ನಾಲ್ಕೂ ಸ್ವಲ್ಪ ಮಸುಕಾದರೆ ಸಹಜ. ಒಂದೇ ಮೂಲೆ ಕೆಟ್ಟಿದ್ದರೆ ಕ್ಯಾಮೆರಾ ಬಿದ್ದು ಲೆನ್ಸ್ ವಾಲಿದೆ. ಎಫ್ 11ರಲ್ಲಿ ಬಿಳಿ ಹಾಳೆ ತೆಗೆದು ಧೂಳು ನೋಡಿ. ಜೇಬಿನ ಬಟ್ಟೆಯ ನವಿರು ಎಳೆಗಳು ಲೆನ್ಸ್ ಒಳಹೊರಗೆ ಆಡುವಾಗ ಸೇರಿಕೊಂಡು ಸೆನ್ಸರ್ ಮೇಲೆ ಕೂರುತ್ತವೆ, ಬಿಚ್ಚದೆ ತೆಗೆಯಲಾಗದು. ಬ್ಯಾಟರಿ ಊದಿದೆಯೇ, ಚಾರ್ಜಿಂಗ್ ಕಿಂಡಿ ಸಡಿಲವೇ ಎಂಬುದನ್ನೂ ನೋಡಿ.

ಕಾಂಪ್ಯಾಕ್ಟ್‌ಗೆ ಎರಡನೆಯ ಬ್ಯಾಟರಿ ಅನಿವಾರ್ಯ. ಕಂಪನಿಯ ಲೆಕ್ಕದಲ್ಲೇ ಆರ್‌ಎಕ್ಸ್100 ಮಾರ್ಕ್ 3 ಒಂದು ಚಾರ್ಜಿಗೆ ಸುಮಾರು 320 ಚಿತ್ರ, ಡಿ7000 ಸುಮಾರು 1050. ಹಳೆಯ ಬ್ಯಾಟರಿಯಲ್ಲಿ ಇನ್ನೂ ಕಡಿಮೆ.

ಮಳೆಗಾಲಕ್ಕೆ ಮುಂಚೆ

ಕರಾವಳಿ, ಮಲೆನಾಡಿನವರು ಕ್ಯಾಮೆರಾ ಬರುವ ದಿನವೇ ಡಬ್ಬವನ್ನೂ ತರಬೇಕು. ಚರ್ಮದ ಕೇಸು, ಬಟ್ಟೆಯ ಬ್ಯಾಗು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತವೆ, ಫಂಗಸ್ ಹುಟ್ಟುವುದೇ ಅಲ್ಲಿ. ರಬ್ಬರ್ ಪಟ್ಟಿ ಇರುವ, ಗಾಳಿಯಾಡದ ಹತ್ತು ಲೀಟರ್ ಪ್ಲಾಸ್ಟಿಕ್ ಡಬ್ಬಕ್ಕೆ 200 ಗ್ರಾಂ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಮಾಪಕ. ಮುಳ್ಳು 40ರಿಂದ 50 ಶೇಕಡಾ ನಡುವೆ ಇರಲಿ. 65 ದಾಟಿ ದಿನಗಟ್ಟಲೆ ನಿಂತರೆ ಅಪಾಯ, 30ಕ್ಕಿಂತ ಕೆಳಗೆ ಹೋದರೆ ರಬ್ಬರ್ ಒಣಗುತ್ತದೆ. ನೀಲಿ ಜೆಲ್ ಗುಲಾಬಿಯಾದಾಗ 120 ಡಿಗ್ರಿಯ ಓವನ್‌ನಲ್ಲಿ ಎರಡು ಗಂಟೆ ಇಡಿ, ಅಥವಾ ಸಣ್ಣ ಉರಿಯಲ್ಲಿ ಬಾಣಲೆಯಲ್ಲಿ ಹುರಿಯಿರಿ, ಮತ್ತೆ ನೀಲಿಯಾಗುತ್ತದೆ. ನೀಲಿ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಕ್ಲೋರೈಡ್ ವಿಷ, ಆದ್ದರಿಂದ ಅಡುಗೆಗೆ ಬಳಸದ ಪಾತ್ರೆಯೇ ಆಗಬೇಕು, ಕಿಟಕಿ ತೆರೆದಿರಬೇಕು. ಬಿಸಿ ಆರಿದ ಮೇಲೆಯೇ ಡಬ್ಬಕ್ಕೆ ಹಾಕಿ.

ಎಸಿ ಕಾರಿನಿಂದ ಮಂಗಳೂರಿನ ಸೆಕೆಗೆ ಇಳಿಯುವಾಗ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ನೀರು ಚೀಲದ ಹೊರಮೈ ಮೇಲೆ ಕಟ್ಟುತ್ತದೆ, ಲೆನ್ಸಿನ ಮೇಲಲ್ಲ. ಆಮೇಲೆ ಚೀಲದ ಹೊರಮೈ ಒರೆಸಿ, ಕ್ಯಾಮೆರಾ ಹೊರತೆಗೆಯಿರಿ.