ಕಣ 210, ಲೆಕ್ಕ ಎರಡರದ್ದು

ಭಾರದ ನ್ಯೂಕ್ಲಿಯಸ್‌ಗೆ ಶೆಲ್ ಮಾಡೆಲ್ (ಪ್ರೋಟಾನ್, ನ್ಯೂಟ್ರಾನ್‌ಗಳು ಶೆಲ್ ಎಂಬ ಪದರಗಳಲ್ಲಿ ಕೂರುತ್ತವೆ ಅನ್ನುವ ಮಾದರಿ) ಲೆಕ್ಕ ಕಲಿಯಬೇಕು ಅಂತ ಜೂನಿಯರ್‌ಗಳು ಬಂದರೆ ನಾನು ಮೊದಲು ಕೋಡ್ ಕೊಡುವುದಿಲ್ಲ. ಪೆನ್ಸಿಲ್ ಮತ್ತು ಹಾಳೆ ಕೊಟ್ಟು ಪೊಲೋನಿಯಂ-210 ಮಾಡಿ ಅನ್ನುತ್ತೇನೆ.

84 ಪ್ರೋಟಾನ್, 126 ನ್ಯೂಟ್ರಾನ್. ಕೇಳಿದರೆ ಭಯ ಆಗುತ್ತೆ, ಅಲ್ವಾ? ಆದರೆ 82 ಮತ್ತು 126 ಎರಡೂ ಶೆಲ್ ಪೂರ್ತಿ ತುಂಬುವ ಮ್ಯಾಜಿಕ್ ಸಂಖ್ಯೆಗಳು. ಅಂದರೆ ಒಳಗೆ ಸೀಸ-208 ಇದೆ, ಅದರ ಶೆಲ್‌ಗಳೆಲ್ಲ ಭರ್ತಿ. ಅದನ್ನು ಕೋರ್ ಅಂತ ಬದಿಗಿಡಿ. ಕೈಯಲ್ಲಿ ಉಳಿಯುವುದು ಎರಡೇ ಪ್ರೋಟಾನ್.

ಅವು ಎಲ್ಲಿ ಕೂರಬಹುದು? ಬಿಸ್ಮತ್-209 ನೋಡಿ. ಅದರಲ್ಲಿ ಕೋರ್‌ನ ಹೊರಗೆ ಒಂದೇ ಪ್ರೋಟಾನ್. ಕಕ್ಷೆಯ ಹೆಸರಿನ ಕೊನೆಯ ಅಂಕಿ ಪ್ರೋಟಾನ್‌ನ ಸ್ಪಿನ್: ಎಚ್9/2 ತಳಮಟ್ಟ, ಎಫ್7/2 896 ಕೆಇವಿ (ಶಕ್ತಿಯ ಅಳತೆ) ಮೇಲೆ, ಐ13/2 1609 ಕೆಇವಿ ಮೇಲೆ. ಇವು ಪ್ರಯೋಗದಲ್ಲಿ ಅಳೆದ ಅಂಕಿಗಳು, ಇವನ್ನೇ ಹಾಕಿ.

ಮೊದಲು ಎಚ್9/2 ಒಂದನ್ನೇ ಹಿಡಿಯಿರಿ. ಅದರಲ್ಲಿ 10 ಜಾಗ: ಎಂ (ಒಂದು ದಿಕ್ಕಿಗೆ ಸ್ಪಿನ್‌ನ ಪಾಲು) ಬೆಲೆ -9/2ರಿಂದ 9/2ರವರೆಗೆ. ಇಬ್ಬರೂ 9/2ರಲ್ಲಿ ಕೂರಲು ಪೌಲಿ ನಿಯಮ (ಒಂದು ಜಾಗಕ್ಕೆ ಒಂದೇ ಪ್ರೋಟಾನ್) ಬಿಡುವುದಿಲ್ಲ. ಹಾಗಾಗಿ ಮೊತ್ತ 9 ಬರುವುದೇ ಇಲ್ಲ. 9/2 ಜೊತೆ 7/2 ಸೇರಿದರೆ 8, ಅದೇ ದೊಡ್ಡದು. ಮೊತ್ತ 7ಕ್ಕೂ ಒಂದೇ ಜೋಡಿ, ಅದು ಒಟ್ಟು ಸ್ಪಿನ್ ಜೆ=8ರ ಪಾಲು. ಮೊತ್ತ 6ಕ್ಕೆ ಎರಡು ಜೋಡಿ, ಒಂದು ಹೊಸದು. ಹೀಗೇ ಇಳಿದರೆ ಜೆ 0, 2, 4, 6, 8 ಮಾತ್ರ ಸಿಗುತ್ತವೆ. ಪ್ರತಿ ಜೆಗೆ 2ಜೆ+1 ಸ್ಥಿತಿ, ಒಟ್ಟು 1+5+9+13+17=45. ಹತ್ತರಲ್ಲಿ ಎರಡು ಆರಿಸುವ ಬಗೆಗಳೂ 45. ತಾಳೆ ಆಯಿತು.

ಈಗ ಮೂರೂ ಕಕ್ಷೆ ಸೇರಿಸಿ. 0+ ಸ್ಥಿತಿಗೆ (ಅಂಕಿ ಜೆ, + ಪ್ಯಾರಿಟಿ, ಅಂದರೆ ಕನ್ನಡಿ ಸಮ್ಮಿತಿ) ಬರೀ 3×3 ಮ್ಯಾಟ್ರಿಕ್ಸ್, ಯಾಕೆಂದರೆ ಇಬ್ಬರೂ ಒಂದೇ ಕಕ್ಷೆಯಲ್ಲಿದ್ದರೆ ಮಾತ್ರ ಜೆ ಸೊನ್ನೆ ಆಗುತ್ತದೆ. ನಾನು ಇಲ್ಲೇ ಎಡವಿದ್ದು. ಎಫ್7/2 ಜೋಡಿಗೆ 896 ಒಂದೇ ಸಲ ಹಾಕಿದ್ದೆ. ಪ್ರೋಟಾನ್ ಎರಡು, ಅಂದಮೇಲೆ 1792 ಆಗಬೇಕು! ಐ13/2 ಜೋಡಿಗೆ 3218. ನನ್ನ 0+ ಸಿಕ್ಕಾಪಟ್ಟೆ ಕೆಳಗೆ ಹೋಗಿತ್ತು. ಎರಡು ದಿನ ಸುಮ್ನೆ ಇಂಟರಾಕ್ಷನ್ ಫೈಲನ್ನು (ಪ್ರೋಟಾನ್‌ಗಳ ನಡುವಿನ ಬಲದ ಅಂಕಿಗಳನ್ನು) ಬೈದೆ. ಇಂಟರಾಕ್ಷನ್‌ಗೆ ಈ ಪ್ರದೇಶದಲ್ಲಿ ಕುವೋ–ಹರ್ಲಿಂಗ್ ಅನ್ನುವ ಅಂಕಿಗಳ ಗುಂಪು ಹಳೆಯದು, ನಂಬಬಹುದು.

ಉತ್ತರವನ್ನು ಪೊಲೋನಿಯಂ-210ರಲ್ಲಿ ಅಳೆದ ಈ ಮಟ್ಟಗಳ ಪಕ್ಕ ಇಡಿ: 2+ 1181, 4+ 1427, 6+ 1473, 8+ 1557 ಕೆಇವಿ. ಮೊದಲ ಮೆಟ್ಟಿಲು ಎತ್ತರ, ಮಿಕ್ಕವು ಒತ್ತೊತ್ತಾಗಿ. ಜೋಡಿ ಕಟ್ಟುವ ಬಲ ಕಾಣುವುದು ಈ ಅಂತರದಲ್ಲೇ. ನಿಮಗೆ ಸಮ ಅಂತರದ ಏಣಿ ಬಂದಿದ್ದರೆ ಎಲ್ಲೋ ತಪ್ಪಿದೆ.

ಇಷ್ಟಾದ ಮೇಲೆ ಶೆಲ್ ಮಾಡೆಲ್ ಲೆಕ್ಕದ ಕೋಡ್ ಕೆಶೆಲ್ ಓಡಿಸಿ. ಫೈಲಿನಲ್ಲಿ ಸ್ಪಿನ್ ಎರಡರಷ್ಟು ಬರೆದಿರುತ್ತದೆ, 9/2 ಅಲ್ಲಿ 9. ಆಮೇಲೆ ಒಂದೊಂದೇ ಪ್ರೋಟಾನ್ ಹೆಚ್ಚಿಸಿ: ಅಸ್ಟಟೀನ್-211, ರೇಡಾನ್-212. ಅವಸರ ಬೇಡ. 82ರ ಮೇಲಿನ ಇಡೀ ಶೆಲ್‌ನಲ್ಲಿ 44 ಜಾಗ. ಎರಡು ಪ್ರೋಟಾನ್‌ಗೆ 946 ಬಗೆ, ನಾಲ್ಕಕ್ಕೆ 1,35,751, ಹತ್ತಕ್ಕೆ 248 ಕೋಟಿ.