ಕೇಳುವವರು ಯಾರು? ನೋವಿನ ವಿಷಯಗಳ ಮೇಲೆ ಏಕಾಂಕ, ಏಕವ್ಯಕ್ತಿ ನಾಟಕ ಕಟ್ಟುವ ಬಗೆ

ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವದಲ್ಲಿ ಸನ್ಮಾನಕ್ಕೂ ಭಾಷಣಕ್ಕೂ ನಡುವೆ ಹದಿನೈದು ಇಪ್ಪತ್ತು ನಿಮಿಷದ ನಾಟಕಕ್ಕೆ ಅವಕಾಶ ಸಿಗುವುದುಂಟು. ಆ ಸ್ವಲ್ಪ ಹೊತ್ತಿನಲ್ಲಿ ಕುಡಿತ, ಮನೆಯೊಳಗಿನ ಹೊಡೆತ, ಜಾತಿಯ ಅವಮಾನ, ಮಕ್ಕಳ ಮೇಲಿನ ದೌರ್ಜನ್ಯ, ಆತ್ಮಹತ್ಯೆಯ ನಂತರ ಉಳಿದವರ ಬದುಕು ಮುಂತಾದವನ್ನು ರಂಗಕ್ಕೆ ತರಬೇಕೆಂಬ ಆಸೆಯಿಂದ ಬರೆದ ಹಸ್ತಪ್ರತಿಗಳನ್ನು ನಾನು ಹಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವ ಕೊರತೆ ಒಂದೇ: ಪಾತ್ರಕ್ಕೆ ತನ್ನ ಸಮಸ್ಯೆ ಪ್ರಬಂಧಕಾರನಿಗೆ ತಿಳಿದಷ್ಟೇ ಚೆನ್ನಾಗಿ ತಿಳಿದಿರುತ್ತದೆ. ಪೆಟ್ಟು ತಿಂದ ಹೆಂಗಸು ರಂಗದ ಮುಂದಕ್ಕೆ ಬಂದು ಸ್ತ್ರೀಶೋಷಣೆಯ ಬಗ್ಗೆ ಮಾತನಾಡುತ್ತಾಳೆ. ನಿಜವಾಗಿ ಪೆಟ್ಟು ತಿಂದವಳು ಮರುದಿನ ಬೆಳಿಗ್ಗೆ ನೀರು ಹಿಡಿಯುವ ಸಾಲಿನಲ್ಲಿ ನಿಂತು, ನೆರೆಯವಳು ತನ್ನ ಕೈ ನೋಡದಿರಲಿ ಎಂದು ಸೆರಗನ್ನು ಸರಿಪಡಿಸಿಕೊಳ್ಳುತ್ತಿರುತ್ತಾಳೆ. ನಾಟಕವಿರುವುದು ಆ ಸೆರಗಿನಲ್ಲಿ.

ಆದುದರಿಂದ ವಿಷಯವನ್ನು ಆರಿಸಿಕೊಂಡ ಮೇಲೆ ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು ಕಥೆಯನ್ನಲ್ಲ, ಕೇಳುಗನನ್ನು. ಏಕವ್ಯಕ್ತಿ ನಾಟಕದಲ್ಲಿ ರಂಗದ ಮೇಲಿರುವುದು ಒಬ್ಬರಾದರೂ ಮಾತಿನಲ್ಲಿ ಇಬ್ಬರಿರಲೇಬೇಕು. ಪಾತ್ರ ಯಾರೊಡನೆ ಮಾತನಾಡುತ್ತಿದೆ, ಅವರಿಂದ ಅದಕ್ಕೆ ಏನು ಬೇಕಾಗಿದೆ, ನಿನ್ನೆ ಆಡದ ಮಾತನ್ನು ಇಂದೇ ಏಕೆ ಆಡಬೇಕಾಗಿದೆ ಎಂಬ ಮೂರಕ್ಕೂ ಉತ್ತರ ಸಿಗದೆ ಮೊದಲ ಸಾಲು ಬರೆಯಬಾರದು. ಪ್ರೇಕ್ಷಕರನ್ನೇ ಕೇಳುಗರನ್ನಾಗಿ ಮಾಡುವುದು ಅತ್ಯಂತ ಸುಲಭದ ದಾರಿ, ಆದರೆ ಭಾಷಣ ನುಸುಳುವುದೂ ಆ ದಾರಿಯಲ್ಲೇ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಡೊಂಬಿವಲಿಯ ಒಂದು ಮನೆಯಲ್ಲಿ ಹತ್ತೊಂಬತ್ತು ವರ್ಷದ ಮಗ ಆತ್ಮಹತ್ಯೆ ಮಾಡಿಕೊಂಡಿದ್ದಾನೆ. ಊರಿನವರಿಗೆ ರೈಲಿನ ಅಪಘಾತವೆಂದು ಹೇಳಲಾಗಿದೆ. ತಾಯಿ ಕುಂದಾಪುರದ ಕಡೆಯ ಅತ್ತಿಗೆಯೊಡನೆ ಫೋನಿನಲ್ಲಿ ಉತ್ತರಕ್ರಿಯೆಯ ಊಟಕ್ಕೆ ಬೇಕಾದ ಸಾಮಾನಿನ ಪಟ್ಟಿ ಮಾಡುತ್ತಿದ್ದಾಳೆ. ಮಗನ ಸಾವಿನ ಬಗ್ಗೆ ಅವಳು ನೇರವಾಗಿ ಒಂದು ಮಾತನ್ನೂ ಆಡುವುದಿಲ್ಲ. ಅಕ್ಕಿ ಎಷ್ಟು ಕಿಲೋ, ಬಾಳೆಲೆ ಮಾಟುಂಗದಿಂದ ತರಿಸುವುದೇ, ಎಷ್ಟು ಜನ ಬರಬಹುದು ಎಂದು ಮಾತು ಸಾಗುತ್ತದೆ. ನಡುವೆ ಒಂದು ಸಾಲು: "ಪಾಯಸಕ್ಕೆ ಗೋಡಂಬಿ ಬೇಡ ಅತ್ತಿಗೆ, ಅವನಿಗೆ ಆಗೂದಿಲ್ಲ." ಸ್ವಲ್ಪ ಹೊತ್ತು ಮೌನ. ಆಮೇಲೆ, "ಆಗ್ತಿರಲಿಲ್ಲ." ಒಂದು ಕ್ರಿಯಾಪದ ವರ್ತಮಾನದಿಂದ ಭೂತಕಾಲಕ್ಕೆ ಸರಿದಾಗ ಸಭಾಂಗಣಕ್ಕೆ ತಿಳಿಯಬೇಕಾದದ್ದೆಲ್ಲ ತಿಳಿದುಬಿಡುತ್ತದೆ. ಅತ್ತಿಗೆ ಆ ಕಡೆಯಿಂದ "ಅಪಘಾತ ಹೇಗಾಯ್ತು" ಎಂದು ಕೇಳಿರಬೇಕೆಂದು ನಮಗೆ ಗೊತ್ತಾಗುವುದು ತಾಯಿ ಬೆಲ್ಲದ ಲೆಕ್ಕವನ್ನು ಎರಡನೆಯ ಬಾರಿ ಹೇಳತೊಡಗಿದಾಗ. ಕೈಗೆ ಒಂದು ಕೆಲಸ, ಬಾಯಿಗೆ ಒಂದು ಪಟ್ಟಿ, ಹೇಳಬಾರದ ಒಂದು ಮಾತು: ಇಷ್ಟಿದ್ದರೆ ಹನ್ನೆರಡು ನಿಮಿಷದ ನಾಟಕ ನಿಲ್ಲುತ್ತದೆ. ಕೊನೆಯಲ್ಲಿ ಅವಳು ನಿಜವನ್ನು ಹೇಳಬೇಕೇ ಬೇಡವೇ ಎಂಬುದು ಬರೆಯುವವರಿಗೆ ಬಿಟ್ಟದ್ದು. ಫೋನ್ ಇಟ್ಟ ಮೇಲೆ ಖಾಲಿ ಕೋಣೆಗೆ ಹೇಳುವುದಕ್ಕಿಂತ, ಫೋನಿನಲ್ಲಿರುವಾಗಲೇ ಹೇಳುವುದು ಹೆಚ್ಚು ಧೈರ್ಯದ ಬರವಣಿಗೆ ಎಂದು ನನ್ನ ಅಭಿಪ್ರಾಯ.

ಆತ್ಮಹತ್ಯೆಯನ್ನು ರಂಗಕ್ಕೆ ತರುವವರು ಪಾಲಿಸಲೇಬೇಕಾದ ಕೆಲವು ಮಾತುಗಳಿವೆ. ರಂಗಭೂಮಿ ಮತ್ತು ಚಲನಚಿತ್ರದವರಿಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಮಾರ್ಗದರ್ಶಿಯನ್ನು ಹೊರತಂದಿದೆ. ಸಾವಿನ ವಿಧಾನವನ್ನು ತೋರಿಸಬಾರದು, ಸಾವನ್ನು ಬಿಡುಗಡೆಯೆಂಬಂತೆ ಚಿತ್ರಿಸಬಾರದು, ಒಂದೇ ಕಾರಣಕ್ಕೆ ಗಂಟು ಹಾಕಬಾರದು, ಕಷ್ಟದಲ್ಲಿರುವವರು ನೆರವು ಪಡೆಯಬಲ್ಲರು ಎಂಬುದು ಕಾಣಬೇಕು ಎಂಬುದು ಅದರ ಮುಖ್ಯ ಆಶಯ. ಇದನ್ನು ಬರಹಗಾರನ ಸ್ವಾತಂತ್ರ್ಯಕ್ಕೆ ಹಾಕಿದ ಬೇಲಿಯೆಂದು ಭಾವಿಸಬೇಕಾಗಿಲ್ಲ. ಮೇಲಿನ ನಾಟಕದಲ್ಲಿ ಮಗ ಹೇಗೆ ಸತ್ತನೆಂಬುದು ಎಲ್ಲಿಯೂ ಬರುವುದಿಲ್ಲ, ಬಂದರೆ ತಾಯಿಯ ಪಟ್ಟಿಯ ಮೇಲಿನ ನಮ್ಮ ಗಮನ ತಪ್ಪಿಹೋಗುತ್ತದೆ.

ಇಬ್ಬರು ಮೂವರ ಏಕಾಂಕವಾದರೆ ನಮ್ಮ ಊರಿನ ಕನ್ನಡವೇ ದೊಡ್ಡ ಬಂಡವಾಳ. ಘಾಟ್ಕೋಪರಿನ ಒಂದು ಕೋಣೆಯ ಮನೆಯಲ್ಲಿ ಮರೆವಿನ ಕಾಯಿಲೆಗೆ ಸಿಕ್ಕ ತಂದೆ, ಅವನನ್ನು ನೋಡಿಕೊಳ್ಳುವ ಮಗಳು, ಶಾಲೆಗೆ ಹೋಗುವ ಮೊಮ್ಮಗ ಇದ್ದಾರೆಂದು ಭಾವಿಸಿ. ತಂದೆ ಕಳೆದ ನಲವತ್ತು ವರ್ಷವನ್ನು ಮರೆಯುತ್ತಾ ಹೋದಂತೆ ಅವನ ಮಾತಿನಿಂದ ಹಿಂದಿಯೂ ಮರಾಠಿಯೂ ಉದುರಿಹೋಗಿ ಬರೀ ವಿಜಯಪುರದ ಕನ್ನಡ ಉಳಿಯುತ್ತದೆ. ಮಗಳ ಮಾತು ಮುಂಬಯಿಯ ಬೆರಕೆ ಕನ್ನಡ. ಮೊಮ್ಮಗನಿಗೆ ಮರಾಠಿ ಮಾತ್ರ ಸಲೀಸು. ಒಂದೇ ಕೋಣೆಯಲ್ಲಿ ಮೂರು ಜನರ ನಡುವೆ ಅರ್ಥವಾಗುವ ಮಾತು ಕಡಿಮೆಯಾಗುತ್ತಾ ಬರುವುದೇ ಆ ನಾಟಕದ ಕ್ರಿಯೆ. ಗ್ರಾಂಥಿಕ ಕನ್ನಡದಲ್ಲಿ ಎಲ್ಲರೂ ಮಾತನಾಡಿದರೆ ಅದು ನಡೆಯುವುದೇ ಇಲ್ಲ. ಆದುದರಿಂದ ಸಂಭಾಷಣೆಯನ್ನು ಬರೆದ ಮೇಲೆ ಗಟ್ಟಿಯಾಗಿ ಓದಿಸಿ, ಆ ಪ್ರದೇಶದ ಕನ್ನಡ ಬಲ್ಲವರಿಂದ ತಿದ್ದಿಸಿಕೊಳ್ಳಬೇಕು. ಉತ್ತರ ಕರ್ನಾಟಕದ ಮಾತನ್ನು ನಗೆಗಾಗಿ ಬಳಸುವ ಕೆಟ್ಟ ಅಭ್ಯಾಸ ನಮ್ಮ ರಂಗದಲ್ಲಿದೆ. ನೋವಿನ ನಾಟಕದಲ್ಲಿ ಅದು ಪಾತ್ರಕ್ಕೆ ಮಾಡುವ ಅಪಚಾರ.

ಉದ್ದದ ಲೆಕ್ಕವೂ ಇರಲಿ. ನನ್ನ ತಾಲೀಮುಗಳಲ್ಲಿ ಕಂಡಂತೆ ಮೌನಗಳೂ ಸೇರಿ ನಿಮಿಷಕ್ಕೆ 75ರಿಂದ 80 ಪದಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹನ್ನೆರಡು ನಿಮಿಷಕ್ಕೆ 900 ಪದ ಸಾಕು. ರಂಗಸಜ್ಜಿಕೆಗೆ ಹಣವಿಲ್ಲವೆಂದು ಕೊರಗಬೇಕಾಗಿಲ್ಲ. 1970ರ ದಶಕದಲ್ಲಿ ದಾದರಿನ ಛಬಿಲ್‌ದಾಸ್ ಶಾಲೆಯ ಸಭಾಂಗಣದಲ್ಲಿ ಮರಾಠಿಯ ಪ್ರಾಯೋಗಿಕ ರಂಗಭೂಮಿ ಬೆಳೆದದ್ದು ಕಡಿಮೆ ಸಾಧನಗಳಲ್ಲೇ. ಒಂದು ಕುರ್ಚಿ, ಒಂದು ಸ್ಟೀಲ್ ಡಬ್ಬಿ, ಕದಲದ ಒಂದು ಬೆಳಕು ಸಾಕಾಗುತ್ತದೆ. ಹಿನ್ನೆಲೆಯ ಶೋಕಸಂಗೀತವನ್ನು ಮಾತ್ರ ದಯವಿಟ್ಟು ಬಿಡಿ.

ಇನ್ನು ಕಥೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ನಮ್ಮದು ಚಿಕ್ಕ ಸಮುದಾಯ. ಸಭಾಂಗಣದಲ್ಲಿ ಕುಳಿತವರಲ್ಲಿ ಅರ್ಧ ಜನ ಪರಸ್ಪರ ಪರಿಚಿತರು. ಹಿಂದೊಮ್ಮೆ ನಾನು ಬರೆದ ನಾಟಕವೊಂದರಲ್ಲಿ ಹೆಸರು, ಬಡಾವಣೆ, ಉದ್ಯೋಗ ಎಲ್ಲವನ್ನೂ ಬದಲಾಯಿಸಿದ್ದೆ. ಆದರೂ ಪ್ರದರ್ಶನ ಮುಗಿದ ಮೇಲೆ ಹೆಂಗಸೊಬ್ಬರು ನೇಪಥ್ಯಕ್ಕೆ ಬಂದು, "ಆ ಹಸಿರು ಟಿಫಿನ್ ಡಬ್ಬಿ ನಮ್ಮ ಮನೆಯದು" ಎಂದಷ್ಟೇ ಹೇಳಿ ಹೊರಟುಹೋದರು. ಅವರ ಕಥೆ ನನಗೆ ಮೂರನೆಯವರ ಬಾಯಿಂದ ಬಂದಿತ್ತು, ಆ ಡಬ್ಬಿಯೂ ಅದರೊಡನೆ ಬಂದಿತ್ತು. ಅವರನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಬದುಕಿರುವವರ ಕಥೆಯಾದರೆ ಅವರಿಗೆ ಹಸ್ತಪ್ರತಿಯನ್ನು ಓದಿ ಹೇಳಿ ಒಪ್ಪಿಗೆ ಪಡೆಯಬೇಕು, ಅವರು ಬೇಡವೆಂದರೆ ಬಿಡಬೇಕು, ಕೇಳಲು ಸಾಧ್ಯವಿಲ್ಲದಿದ್ದರೆ ಗುರುತು ಹಿಡಿಸುವ ಸಣ್ಣ ವಸ್ತುವನ್ನೂ ಹೊಸದಾಗಿ ಕಲ್ಪಿಸಬೇಕು. ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಇದು ಸೌಜನ್ಯಕ್ಕಷ್ಟೇ ಸೇರಿದ್ದಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಬಹಿರಂಗಗೊಳಿಸಿ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನ ಪ್ರಕಾರ ಅಪರಾಧ. ಮಕ್ಕಳ ಗುರುತಿಗೆ, ಅವರನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ರಕ್ಷಣೆಯೂ ಇದೆ.

ತಾಲೀಮಿನಲ್ಲಿ ನಟರನ್ನು ಕಾಪಾಡುವುದು ನಿರ್ದೇಶಕರ ಹೊಣೆ. "ನಿನ್ನ ಬದುಕಿನ ದುಃಖವನ್ನು ನೆನೆಸಿಕೋ" ಎಂದು ಹೇಳಿ ಅಳಿಸುವುದು ಸುಲಭ, ಆದರೆ ದಿನವಿಡೀ ಕಚೇರಿಯಲ್ಲಿ ದುಡಿದು ಲೋಕಲ್ ಹಿಡಿದು ತಾಲೀಮಿಗೆ ಬಂದ ಹುಡುಗಿ ಆ ದುಃಖವನ್ನು ಹೊತ್ತು ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಮನೆಗೆ ಹೋಗಬೇಕಾಗುತ್ತದೆ. ದುಃಖವನ್ನು ಕೆಲಸದಿಂದ ತರಿಸಿ: ಡಬ್ಬಿಯ ಮುಚ್ಚಳ ತೆರೆಯಲು ಬಾರದಿರುವುದು, ಲೆಕ್ಕ ತಪ್ಪುವುದು, ಉಸಿರು ವಾಕ್ಯದ ನಡುವೆ ಮುಗಿಯುವುದು. ಹೊಡೆತ, ಎಳೆದಾಟಗಳ ಪ್ರತಿ ಚಲನೆಯೂ ಮೊದಲೇ ನಿಗದಿಯಾಗಿರಬೇಕು, ಪ್ರದರ್ಶನದ ದಿನ ಅದರಲ್ಲಿ ಒಂದು ಬೆರಳಿನಷ್ಟೂ ಬದಲಾಗಬಾರದು. ಪಾತ್ರ ಬೇಡವೆನ್ನಿಸಿದವರು ಕಾರಣ ಹೇಳದೆ ಹಿಂದೆ ಸರಿಯಬಹುದೆಂದು ಮೊದಲ ದಿನವೇ ಹೇಳಿಬಿಡಿ. ತಾಲೀಮು ಮುಗಿದ ಮೇಲೆ ಹತ್ತು ನಿಮಿಷ ಚಹಾ ಕುಡಿದು ಬೇರೆ ಮಾತನಾಡಿ ಚದುರುವ ಪದ್ಧತಿ ಒಳ್ಳೆಯದು.

ಮಹಾರಾಷ್ಟ್ರದಲ್ಲಿ ನಾಟಕದ ಸಾರ್ವಜನಿಕ ಪ್ರದರ್ಶನಕ್ಕೆ ಹಸ್ತಪ್ರತಿಯನ್ನು ಮುಂಚಿತವಾಗಿ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವ ಪದ್ಧತಿಯಿದೆ. ಕನ್ನಡ ನಾಟಕವೆಂದು ಇದನ್ನು ಕೊನೆಯ ವಾರಕ್ಕೆ ಉಳಿಸಬೇಡಿ.

ಪ್ರದರ್ಶನದ ದಿನ ನಾಟಕದ ವಿಷಯವೇನೆಂದು ಮೊದಲೇ ಎರಡು ವಾಕ್ಯಗಳಲ್ಲಿ ಪ್ರಕಟಿಸಿ, ಬೇಕಾದವರು ಎದ್ದುಹೋಗಲು ಬಾಗಿಲ ಬಳಿಯ ದೀಪ ಉರಿಯುತ್ತಿರಲಿ. ನೆರವಿನ ಸಂಖ್ಯೆಗಳನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಚಹಾದ ಮೇಜಿನ ಮೇಲೂ ಶೌಚಾಲಯದ ಬಾಗಿಲ ಒಳಬದಿಯಲ್ಲೂ ಅಂಟಿಸಿ. ಮನಸ್ಸಿನ ತೊಂದರೆಗೆ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ 14416, ಮಕ್ಕಳಿಗೆ 1098, ಹೆಂಗಸರಿಗೆ 181. ಯಾರೂ ನೋಡದ ಜಾಗದಲ್ಲಿ ಓದಿಕೊಳ್ಳುವವರೇ ಹೆಚ್ಚು. ನಾಟಕ ಮುಗಿದ ಕೂಡಲೇ ವಂದನಾರ್ಪಣೆಗೆ ಯಾರನ್ನೂ ಕರೆಯಬೇಡಿ, ಅತಿಥಿಗಳ ಅಭಿಪ್ರಾಯವನ್ನೂ ಕೇಳಬೇಡಿ. ಸಭಾಂಗಣವನ್ನು ಅರ್ಧ ಗಂಟೆ ಹೆಚ್ಚಿಗೆ ಕಾದಿರಿಸಿ, ಹಿರಿಯರಾದ ಒಬ್ಬಿಬ್ಬರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಮಾತನಾಡಬೇಕೆನ್ನಿಸಿದವರು ಅವರ ಬಳಿ ಕೂರಬಹುದೆಂದು ಹೇಳಿ. ಕಲ್ಯಾಣ್, ವಿರಾರ್ ಕಡೆಗೆ ಹೋಗುವವರು ಗಡಿಯಾರ ನೋಡುತ್ತಾ ಎದ್ದುಹೋಗದಂತಾಗಬೇಕಾದರೆ ನಾಟಕ ಸಂಜೆ ಆರಕ್ಕೇ ಶುರುವಾಗಬೇಕು.